ಪೆನ್ಸಿಲ್ಲಿನಲ್ಲಿ ಬರೆಯಬೇಕಾದ ಅಳತೆ

ಇವತ್ತು ಭಾನುವಾರ. ಐದೂವರೆಗೆ ಎದ್ದೆ. ನೀರಿನ ಲಾರಿ ಬೀದಿಯ ತುದಿಗೆ ಬಂದು ನಿಂತಾಗ ನಾಲ್ಕು ಕೊಡ ಹಿಡಿದೆ. ಮೂರನ್ನು ನಾನು ತಂದೆ, ನಾಲ್ಕನೆಯದನ್ನು ನಮ್ಮ ಯಜಮಾನರು ಮೆಟ್ಟಿಲಿಗೆಲ್ಲ ಅಭಿಷೇಕ ಮಾಡಿಕೊಂಡು ತಂದರು. ಡಿಕಾಕ್ಷನ್ ಇಳಿಸಿದೆ. ಬಾಗಿಲು ತೊಳೆದು ಎರಡೆಳೆ ರಂಗೋಲಿ ಹಾಕಿದೆ. ಇಡ್ಲಿಗೆ ಅಕ್ಕಿ, ಉದ್ದು ಬೇರೆಬೇರೆ ನೆನೆಹಾಕಿದೆ. ನಿನ್ನೆ ಇಟ್ಟ ಸಂಡಿಗೆಯನ್ನು ಮಹಡಿಯ ಮೇಲೆ ಮಗುಚಿ ಹಾಕಿ, ಕಾಗೆ ಬರದಿರಲೆಂದು ಪಕ್ಕದಲ್ಲಿ ಕಪ್ಪು ಕೊಡೆ ಬಿಚ್ಚಿಟ್ಟೆ. ಯಜಮಾನರ ಎರಡು ಅಂಗಿಗೆ ಗುಂಡಿ ಹೊಲಿದೆ. ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಯಿತು. ನುಗ್ಗೆಕಾಯಿ ಹೆಚ್ಚಿಟ್ಟೆ. ಹನ್ನೊಂದಕ್ಕೆ ರೇಣುಕಾ ಬಂದಳು, ತಿರುವೊಟ್ಟಿಯೂರಿನಿಂದ ಎರಡು ಬಸ್ಸು ಬದಲಾಯಿಸಿ.

ಅಂಬತ್ತೂರಿನ ಕಾರ್ಖಾನೆಯೊಂದರ ಕ್ರೀಡಾ ವಿಭಾಗದಲ್ಲಿ ನಾನು ಹತ್ತು ವರ್ಷ ಬಿಲ್ಲುಬಾಣ ಇಡುವ ಬಿಲ್ಲುಕೋಣೆ ನೋಡಿಕೊಂಡೆ. ಕಣ್ಣು ಸೋತು ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಅದನ್ನು ನೋಡಿಕೊಳ್ಳುತ್ತಿರುವವಳು ರೇಣುಕಾ. ಬಂದವಳೇ ಚೀಲದಿಂದ ರಿಜಿಸ್ಟರು ತೆಗೆದು ನನ್ನ ಮುಂದೆ ಇಟ್ಟಳು.

"ಅಕ್ಕಾ, ಬಿಲ್ಲುಕೋಣೆಗೆ ಹೊಸದಾಗಿ ಇಬ್ಬರನ್ನ ಕೊಟ್ಟಿದಾರೆ. ನಾನು ಹೇಳಿದ್ರೆ 'ಸರಿಂಗ ಅಕ್ಕಾ, ಸರಿಂಗ ಅಕ್ಕಾ' ಅಂತ ತಲೆ ಆಡಿಸ್ತಾರೆ. ಮಾರನೇ ದಿನ ಅದೇ ತಪ್ಪು. ನೀವು ಒಂದು ನಾಲ್ಕು ಪುಟ ಬರ್ಕೊಡಿ. ಬರವಣಿಗೆ ಅಂದ್ರೆ ಸ್ವಲ್ಪ ಭಯ ಇರತ್ತೆ."

"ನಂಗೆ ತಮಿಳು ಮಾತಾಡೋಕೆ ಬರುತ್ತೆ, ಬರೆಯೋಕೆ ಬರಲ್ಲ ಕಣೇ."

"ಕನ್ನಡದಲ್ಲೇ ಬರೀರಿ. ನಮ್ಮಪ್ಪ ಬೆತ್ತ ಇಟ್ಕೊಂಡು ನಂಗೆ ಕಲಿಸಿದ ಕನ್ನಡ ಇದೆಯಲ್ಲ, ನಾನು ಓದಿ ತಮಿಳಲ್ಲಿ ಹೇಳ್ತೀನಿ."

ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ ಹೇಳಿದರು: "ಅವಳ ತಪ್ಪುಗಳನ್ನೂ ಬರಿ ಅಂತ ಹೇಳಮ್ಮ ರೇಣು. ಇಲ್ದಿದ್ರೆ ಒಂದೇ ಪುಟದಲ್ಲಿ ಮುಗಿಸ್ತಾಳೆ."

ತಪ್ಪುಗಳನ್ನೇ ಬರೆಯುತ್ತೇನೆ. ಬೇರೆ ಬರೆಯುವಂಥದ್ದು ಹೆಚ್ಚಿಲ್ಲ.

ಬಿಲ್ಲುಕೋಣೆಗೆ ಮುಂಚೆ ನಾನು ಅದೇ ಕಾರ್ಖಾನೆಯ ಗೇಜ್ ರೂಮಿನಲ್ಲಿದ್ದೆ. ಲೇತಿನಿಂದ ಬಂದ ಬಿಡಿಭಾಗವನ್ನು ಅಳೆಯುವುದು, ನಕ್ಷೆಯಲ್ಲಿದ್ದಂತೆ ಇದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು. ಹದಿನಾಲ್ಕು ವರ್ಷ ಇದೇ. ಒಮ್ಮೆ ಮುದ್ರೆ ಬಿದ್ದದ್ದನ್ನು ಮತ್ತೆ ಅಳೆಯುವ ಪದ್ಧತಿ ಇರಲಿಲ್ಲ. ಉಕ್ಕು ಬೆಳೆಯುವುದಿಲ್ಲವಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಕಾರ್ಖಾನೆಯವರು ಬಿಲ್ಲುಗಾರಿಕೆ ಶುರು ಮಾಡಿದರು. ಕ್ರೀಡಾಧಿಕಾರಿ ವರದರಾಜನ್ ಸಾರ್ ಗೇಜ್ ರೂಮಿಗೆ ಬಂದು, "ನಿಮ್ಮಲ್ಲಿ ಕೈ ನಡುಗದೇ ಇರೋರು ಯಾರಮ್ಮಾ?" ಎಂದು ಕೇಳಿದರು. ಅವರು ಮಾತಾಡುತ್ತಿದ್ದದ್ದು ತಮಿಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ನನಗೆ ಬಿಲ್ಲು ಅಂದರೆ ಕ್ಯಾಲೆಂಡರಿನಲ್ಲಿ ದೇವರ ಕೈಯಲ್ಲಿದ್ದದ್ದು ಮಾತ್ರ ಗೊತ್ತಿತ್ತು. ಮಾರನೇ ಸೋಮವಾರ ನನ್ನನ್ನು ಮೈದಾನದ ಪಕ್ಕದ ಶೀಟು ಹೊದಿಸಿದ ಕೋಣೆಗೆ ಹಾಕಿದರು.

ಆ ಕೋಣೆ ಮಧ್ಯಾಹ್ನ ಹನ್ನೆರಡರ ಮೇಲೆ ಒಲೆ. ಬಿಲ್ಲಿನ ಹೆದೆ ಬಿಸಿಗೆ ಹಿಗ್ಗುತ್ತದೆ. ಬೆಳಿಗ್ಗೆ ಹೆದೆಗೂ ಹಿಡಿಗೂ ನಡುವೆ ಅಳೆದಿಟ್ಟ ಅಂತರ ಊಟದ ಹೊತ್ತಿಗೆ ಕಮ್ಮಿಯಾಗಿರುತ್ತಿತ್ತು. ಗೇಜ್ ರೂಮಿನಲ್ಲಿ ಹವಾನಿಯಂತ್ರಣ ಇತ್ತು, ಅಲ್ಲಿ ಯಾವ ವಸ್ತುವೂ ಹೀಗೆ ಮಾತು ತಪ್ಪುತ್ತಿರಲಿಲ್ಲ. ಹೆದೆಗೆ ಮೇಣ ಹಚ್ಚಬೇಕು ಅಂದರು. ಯಾವ ಮೇಣ ಎಂದು ಕೇಳದೆ ನಾನು ಎರಡು ಮೇಣದಬತ್ತಿ ತಂದು ಹನ್ನೆರಡು ಹೆದೆಗೂ ತಿಕ್ಕಿದೆ. ಮೂರು ದಿನದಲ್ಲಿ ಅದು ಗಟ್ಟಿಯಾಗಿ ಬಿರಿದು, ಬಾಣ ಬಿಟ್ಟಾಗೆಲ್ಲ ಹೊಡೆಯುವವರ ಮೂಗಿನ ಮೇಲೆ ಪುಡಿ ಉದುರತೊಡಗಿತು. ವರದರಾಜನ್ ಸಾರ್ ಮೂಗು ಒರೆಸಿಕೊಂಡು, "ಏನಮ್ಮಾ ಸುಶೀಲಾ, ಪೌಡರೂ ಹಾಕಿ ಕಳಿಸ್ತೀರಾ?" ಅಂದರು. ಹಚ್ಚಬೇಕಾದದ್ದು ಜೇನುಮೇಣ. ಬೆರಳಿನ ಬಿಸಿಗೆ ಅದು ಒಳಗಿಳಿಯುವವರೆಗೆ ಉಜ್ಜಬೇಕು, ಹೆಚ್ಚಾದದ್ದನ್ನು ದಾರ ಸುತ್ತಿ ಎಳೆದು ತೆಗೆಯಬೇಕು. ಹೊಸಬರು ಇದನ್ನು ಮೊದಲು ಕಲಿಯಲಿ.

ಎರಡನೆಯದು ಕಣ್ಣು. ಕ್ರೇನ್ ನಡೆಸುತ್ತಿದ್ದ ಮಾಣಿಕ್ಯಂ ಎಂಬವರಿಗೆ ಬಲಗೈ ಬಿಲ್ಲು ಕೊಟ್ಟೆ. ಬಲಗೈಯಲ್ಲಿ ಊಟ ಮಾಡುವವರು, ಬಲಗೈಯಲ್ಲಿ ಸಹಿ ಹಾಕುವವರು. ಅವರ ಬಾಣಗಳು ಒಂದು ತಿಂಗಳು ಪಕ್ಕದವರ ಗುರಿಹಲಗೆಗೇ ಹೋದವು. ಪಕ್ಕದವರು ಬೇಜಾರಿಲ್ಲದೆ ಹೆಚ್ಚುವರಿ ಅಂಕ ಬರೆದುಕೊಳ್ಳುತ್ತಿದ್ದರು. ಕೊನೆಗೆ ಯಾರೋ ಹೇಳಿಕೊಟ್ಟರು: ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ ದೂರದ ವಸ್ತು ನೋಡಿಸಿ, ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ತೆರೆದಾಗ ವಸ್ತು ಕಿಂಡಿಯಲ್ಲೇ ಇರುತ್ತದೋ ಅದು ಯಜಮಾನ ಕಣ್ಣು. ಮಾಣಿಕ್ಯಂ ಅವರ ಯಜಮಾನ ಎಡಗಣ್ಣು. ಬಿಲ್ಲು ಕೊಡುವಾಗ ಕೈ ಕೇಳಬೇಡಿ, ಕಣ್ಣು ಕೇಳಿ. ಇದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು, ಅವರಿಗೆ ಕ್ರೀಡೆಯ ಮೇಲಿನ ಆಸೆಯೇ ಹೋಯಿತು.

ಮೂರನೆಯದು ರೇಣುಕಾಳ ಬಿಲ್ಲು. ಬರೆದುಕೊಡಿ ಎಂದು ಕೇಳಿದವಳು ಅವಳೇ, ಆದ್ದರಿಂದ ಇದನ್ನು ಬಿಡುವಂತಿಲ್ಲ.

ಆಗ ಅವಳಿಗೆ ಇಪ್ಪತ್ತೊಂದು. ಪ್ಯಾಕಿಂಗ್ ವಿಭಾಗದಲ್ಲಿ ತಾತ್ಕಾಲಿಕ ಕೆಲಸ. ಅಪ್ಪ ಬಂಗಾರಪೇಟೆ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅಮ್ಮನಿಗೆ ಮಂಡಿನೋವು, ಕೆಳಗೆ ಇಬ್ಬರು ತಂಗಿಯರು. ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಉತ್ತರ ಕೊಟ್ಟು ಬೆಳೆದವಳು. ಉದ್ದನೆಯ ಹುಡುಗಿ, ಪ್ಯಾಕಿಂಗಿನವರು ಮೇಲಿನ ಅಟ್ಟದ ರಟ್ಟಿನ ಪೆಟ್ಟಿಗೆ ಬೇಕಾದರೆ ಸ್ಟೂಲು ಹುಡುಕದೆ ಅವಳನ್ನು ಕರೆಯುತ್ತಿದ್ದರು.

ಆ ವರ್ಷ ಪ್ಯಾಕಿಂಗಿಗೆ ಯಂತ್ರ ಬರುವುದು ಖಚಿತವಾಗಿತ್ತು. ತಾತ್ಕಾಲಿಕದವರನ್ನು ಬಿಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಒಂದು ದಾರಿ ಮಾತ್ರ ಉಳಿದಿತ್ತು: ಜಿಲ್ಲಾ ಮಟ್ಟದ ಆಯ್ಕೆಯಲ್ಲಿ ಮೊದಲ ನಾಲ್ವರೊಳಗೆ ಬಂದವರನ್ನು ಖಾಯಂ ಮಾಡುವುದಾಗಿ ಆಡಳಿತದವರು ಒಪ್ಪಿದ್ದರು. ಆ ಒಂದು ಸಲಕ್ಕೆ ಮಾತ್ರ. ರೇಣುಕಾ ಬಿಲ್ಲುಕೋಣೆಗೆ ಬಂದದ್ದು ಅದಕ್ಕೇ. ಬಾಗಿಲಲ್ಲಿ ನಿಂತು, "ಅಕ್ಕಾ, ಇದು ಎಷ್ಟು ತಿಂಗಳಲ್ಲಿ ಬರತ್ತೆ?" ಎಂದು ಕೇಳಿದಳು, ಹೊಲಿಗೆ ಕ್ಲಾಸಿಗೆ ಸೇರುವವರು ಕೇಳುವ ಹಾಗೆ.

"ಬಿಲ್ಲನ್ನ ಕೇಳು," ಅಂದೆ.

ಈಗ ಸ್ವಲ್ಪ ಬಿಲ್ಲಿನ ವಿಷಯ. ಸ್ಪರ್ಧೆಯ ಬಿಲ್ಲು ಮೂರು ತುಂಡು. ನಡುವೆ ಲೋಹದ ಹಿಡಿ, ಮೇಲೊಂದು ಕೆಳಗೊಂದು ಬಾಗುವ ಪಟ್ಟಿ. ಪಟ್ಟಿ ಬದಲಾಯಿಸಿದರೆ ಬಿಲ್ಲಿನ ಬಿಗಿ ಬದಲಾಗುತ್ತದೆ. ಎಷ್ಟು ಪೌಂಡಿನ ಬಿಗಿ ಎಂದು ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ. ಅದರ ಪಕ್ಕದಲ್ಲಿ ಇರುವೆ ಗಾತ್ರದಲ್ಲಿ ಇನ್ನೊಂದು ಮಾತಿರುತ್ತದೆ: ಇಪ್ಪತ್ತೆಂಟು ಅಂಗುಲ ಎಳೆದಾಗ ಇಷ್ಟು, ಎಂದು. ಅದಕ್ಕಿಂತ ಹೆಚ್ಚು ಎಳೆದರೆ ಪ್ರತಿ ಅಂಗುಲಕ್ಕೂ ಸುಮಾರು ಎರಡು ಪೌಂಡು ಏರುತ್ತದೆ.

ಮೊದಲ ದಿನ ಅವಳ ಕೈಗೆ ತೀರಾ ಹಗುರವಾದ ಬಿಲ್ಲು ಕೊಟ್ಟು ಎಳೆಸಿದೆ. ಹೊಸಬರು ಹೇಗೆ ಎಳೆಯುತ್ತಾರೆ ಎಂದರೆ, ಬಸ್ಸಿನಲ್ಲಿ ಜಾಗವಿಲ್ಲದೆ ಮುದುರಿ ನಿಂತವರ ಹಾಗೆ. ಭುಜ ಕಿವಿಯ ಹತ್ತಿರ, ಮೊಣಕೈ ಪಕ್ಕೆಗೆ. ಹಾಗೆ ಎಳೆದಾಗ ಬಾಣದ ಮೇಲೆ ಗುರುತು ಹಾಕಿ ಅಳೆದೆ. ಇಪ್ಪತ್ತೆಂಟು ಅಂಗುಲ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಶಾಯಿಯಲ್ಲಿ ಇಪ್ಪತ್ತೆಂಟು ಎಂದು ಬರೆದು, ಕೆಳಗೆ ಸಹಿ ಹಾಕಿದೆ. ಇಪ್ಪತ್ತು ಪೌಂಡಿನ ಪಟ್ಟಿ ಕೊಟ್ಟೆ. ಅಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು.

ಎರಡು ತಿಂಗಳಲ್ಲಿ ಅವಳು ಚೆನ್ನಾಗಿ ಹೊಡೆಯತೊಡಗಿದಳು. ಶಿಫ್ಟು ಮುಗಿಸಿ ನಾಲ್ಕಕ್ಕೆ ಬಂದರೆ ಬೆಳಕು ಹೋಗುವವರೆಗೆ ಬಾಣ. ವರದರಾಜನ್ ಸಾರ್ ಅವಳ ಹಿಂದೆ ನಿಂತು ಏಲಕ್ಕಿ ಅಗಿಯುತ್ತಾ ನೋಡಿದರು. ನೋಡಿ ಕೋಣೆಗೆ ಬಂದರು.

"ಸುಶೀಲಾ, ಆ ಉದ್ದ ಹುಡುಗಿಗೆ ಮೂವತ್ತು ಪೌಂಡ್ ಹಾಕಮ್ಮಾ. ಇಪ್ಪತ್ತರಲ್ಲಿ ಐವತ್ತು ಮೀಟರ್ ಮುಟ್ಟೋ ಹೊತ್ತಿಗೆ ಬಾಣ ನಿದ್ದೆ ಮಾಡತ್ತೆ."

"ಇಪ್ಪತ್ನಾಲ್ಕು ಕೊಡ್ತೀನಿ ಸಾರ್. ಒಂದು ತಿಂಗಳು ಬಿಟ್ಟು ಮತ್ತೆರಡು."

"ಟೈಮ್ ಎಲ್ಲಮ್ಮಾ ಇದೆ? ಮೂವತ್ತು."

"ಇಪ್ಪತ್ತಾರು ಸಾರ್."

"ಇದೇನು ಕೊತ್ತವಾಲ್ ಮಾರ್ಕೆಟ್ಟಾ, ಬದನೆಕಾಯಿ ಚೌಕಾಸಿ ಮಾಡ್ತಿದೀರಾ?"

ಕೊನೆಗೆ ಇಪ್ಪತ್ತೆಂಟಕ್ಕೆ ನಿಂತಿತು. ಎರಡು ಪೌಂಡು ಉಳಿಸಿದೆನಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಹೊಸಬರು ಇಂಥ ಸಮಾಧಾನಗಳ ಬಗ್ಗೆ ಎಚ್ಚರವಾಗಿರಲಿ. ಮೇಲಿನವರು ಭಾರದ ಬಿಲ್ಲು ಕೊಡು ಅಂದೇ ಅನ್ನುತ್ತಾರೆ. ಮಕ್ಕಳಿಗೆ ನಾಳೆಗೂ ಆಗಲಿ ಎಂದು ಎರಡು ಬೆರಳು ದೊಡ್ಡ ಚಪ್ಪಲಿ ತರುವ ಅಪ್ಪಂದಿರ ಹಾಗೆ. ದೊಡ್ಡ ಚಪ್ಪಲಿ ಹಾಕಿದರೆ ಎಡವಿ ಬೀಳುವುದು ಎಲ್ಲರ ಕಣ್ಣಿಗೆ ಕಾಣುತ್ತದೆ. ಭಾರದ ಬಿಲ್ಲು ಹಾಗಲ್ಲ.

ಬಿಗಿ ತೂಗಲು ನಮ್ಮಲ್ಲಿ ಯಂತ್ರ ಇರಲಿಲ್ಲ. ಯಜಮಾನರ ಬ್ಯಾಂಕು ಸೌಕಾರ್‌ಪೇಟೆಯಲ್ಲಿತ್ತು. ಅಲ್ಲಿಂದ ಅವರು ಹಳೇ ಪೇಪರಿನವರು ಬಳಸುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತಂದುಕೊಟ್ಟಿದ್ದರು. ಹೊಸ ಪಟ್ಟಿ ಹಾಕಿ, ಹೆದೆಗೆ ಕೊಕ್ಕೆ ಸಿಕ್ಕಿಸಿ, ಇಪ್ಪತ್ತೆಂಟು ಅಂಗುಲಕ್ಕೆ ಸರಿಯಾಗಿ ಎಳೆದು ನೋಡಿದೆ. ಮುಳ್ಳು ಇಪ್ಪತ್ತೆಂಟು ಪೌಂಡಿನ ಮೇಲೇ ನಿಂತಿತು. ಕೂದಲೆಳೆಯ ವ್ಯತ್ಯಾಸವಿಲ್ಲ. ಹೆದೆಯ ಅಂತರ ಕೂರಿಸಿದೆ, ಬಾಣ ಸಿಕ್ಕಿಸುವ ಜಾಗಕ್ಕೆ ದಾರ ಸುತ್ತಿದೆ, ಎರಡೂ ಪಟ್ಟಿ ಸಮ ಇದೆಯೇ ನೋಡಿದೆ, ಆ ಬಿಗಿಗೆ ಬಾಣದ ಕೋಷ್ಟಕದಲ್ಲಿ ಹೇಳಿದ ಗಡಸಿನ ಬಾಣವನ್ನೇ ಆರಿಸಿದೆ. ಗೇಜ್ ರೂಮಿನಲ್ಲಾಗಿದ್ದರೆ ಮುದ್ರೆ ಒತ್ತುವಂಥ ಬಿಲ್ಲು.

ಆ ಬಿಲ್ಲಿನಲ್ಲಿ ಅವಳ ಬಾಣಗಳು ಬಲಕ್ಕೆ ಹೋಗತೊಡಗಿದವು.

ಬಲಗೈಯವರ ಬಾಣ ಬಲಕ್ಕೆ ಹೋದರೆ, ಬಿಲ್ಲಿನ ಬಿಗಿಗೆ ಬಾಣ ಮೆದುವಾಯಿತು ಎಂದು ಅರ್ಥ. ಇದು ನನಗೆ ಗೊತ್ತಿತ್ತು. ಆದರೆ ಬಿಗಿ ನಾನೇ ತೂಗಿದ್ದೆ, ಬಾಣ ನಾನೇ ಆರಿಸಿದ್ದೆ, ರಿಜಿಸ್ಟರಿನಲ್ಲಿ ನನ್ನ ಸಹಿ ಇತ್ತು. ಆದ್ದರಿಂದ ಬೇರೆ ಕಡೆ ಹುಡುಕಿದೆ. ಬಾಣ ಒರಗುವ ಜಾಗದಲ್ಲಿ ಒಂದು ಸಣ್ಣ ಸ್ಪ್ರಿಂಗಿನ ಬಟನ್ ಇರುತ್ತದೆ. ಅದನ್ನು ಬಿಗಿಗೊಳಿಸಿದರೆ ಬಾಣ ಎಡಕ್ಕೆ ಬರುತ್ತದೆ. ಬಿಗಿಗೊಳಿಸಿದೆ. ಮತ್ತೆ ಕಾಲು ಸುತ್ತು. ಮತ್ತೆ ಅರ್ಧ. ಸ್ಪ್ರಿಂಗು ಇನ್ನು ತಿರುಗುವುದಿಲ್ಲ ಎನ್ನುವವರೆಗೆ. ಬಾಣದ ರೆಕ್ಕೆ ಕಿತ್ತು ಹೊಸದು ಅಂಟಿಸಿದೆ. ಹೆದೆ ಬದಲಿಸಿದೆ. ಕೊನೆಗೆ ಅವಳ ಬೆರಳನ್ನು ಹಿಡಿದುಕೊಂಡೆ.

"ನೀನು ಹೆದೆನ ಬಿಡ್ತಿಲ್ಲ ಕಣೇ, ಕೀಳ್ತಿದೀಯ. ಬೆರಳು ಸಡಿಲ ಬಿಡು."

"ಸಡಿಲನೇ ಬಿಡ್ತಿದೀನಿ ಅಕ್ಕಾ."

"ಮತ್ತೆ ಬಾಣ ಯಾಕೆ ಬಲಕ್ಕೆ ಹೋಗುತ್ತೆ? ಅದಕ್ಕೇನು ಅಲ್ಲಿ ನೆಂಟರಿದ್ದಾರಾ?"

ಆರು ವಾರ ಹೀಗೆ ಬೈದೆ. ಅವಳು ಪ್ರತಿ ಸಲ, "ಸರಿ ಅಕ್ಕಾ, ಇನ್ನೊಂದ್ಸಲ," ಎಂದು ಮತ್ತೆ ಎಳೆದಳು. ಬಿಲ್ಲಿನ ಮೇಲಿನ, ಗುರಿ ನೋಡುವ ಕಡ್ಡಿಯನ್ನು ಅಷ್ಟೂ ಪಕ್ಕಕ್ಕೆ ಸರಿಸಿ, ಹೇಗೋ ಹೊಂದಿಸಿಕೊಂಡು, ಅಂಕಗಳನ್ನೂ ತಂದಳು. ಮೈದಾನದಲ್ಲಿ ಅವಳು ಮೂರನೆಯವಳೋ ನಾಲ್ಕನೆಯವಳೋ ಆಗಿದ್ದಳು. ವರದರಾಜನ್ ಸಾರ್ ಖುಷಿಯಾಗಿದ್ದರು.

ಆಯ್ಕೆಗೆ ಒಂಬತ್ತು ದಿನ ಇತ್ತು. ಶುಕ್ರವಾರ. ಗೇಟಿನ ಹೂವಿನವಳ ಹತ್ತಿರ ನಾಲ್ಕು ಮೊಳ ಮಲ್ಲಿಗೆ ಕೊಂಡು, ಎರಡು ಮೊಳ ರೇಣುಕಾಗೆ ಕೊಟ್ಟೆ. ಅವಳು ಹೂವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

"ಮುಡ್ಕೊಳ್ಳೇ, ಬಾಡಿಹೋಗತ್ತೆ."

"ನೀವೇ ಮುಡಿಸ್ತೀರಾ ಅಕ್ಕಾ?"

"ಯಾಕೆ, ಮದುವಣಗಿತ್ತಿನಾ?"

ಅವಳು ನಕ್ಕಳು. ನಕ್ಕು, "ಬಲಗೈ ಹಿಂದಕ್ಕೆ ಹೋಗ್ತಾ ಇಲ್ಲೆ," ಅಂದಳು. "ಒಂದು ತಿಂಗಳಾಯ್ತು. ಜಡೆ ತಂಗಿನೇ ಹಾಕ್ತಾಳೆ. ಪರವಾಯಿಲ್ಲೆ, ಎಳೆಯೋಕೆ ಬರತ್ತೆ. ಎತ್ತೋಕೆ ಮಾತ್ರ ಬರಲ್ಲ."

ಹೂ ಮುಡಿಸಿದೆ. ಮುಡಿಸುವಾಗ ಅವಳ ಬೆನ್ನಿನ ಹಿಂದೆ ನಿಂತಿದ್ದೆ. ಇಷ್ಟು ದಿನ ನಾನು ಅವಳ ಬೆರಳು ನೋಡಿದ್ದೆ, ಬಾಣ ನೋಡಿದ್ದೆ, ಬೆನ್ನು ನೋಡಿರಲಿಲ್ಲ. ಮೊದಲ ದಿನ ಮುದುರಿಕೊಂಡಿದ್ದ ಭುಜ ಈಗ ಬಿಚ್ಚಿಕೊಂಡಿತ್ತು. ನಾಲ್ಕು ತಿಂಗಳ ಅಭ್ಯಾಸದಲ್ಲಿ ಹುಡುಗಿ ನೆಟ್ಟಗೆ ನಿಲ್ಲುವುದನ್ನು ಕಲಿತಿದ್ದಳು. ಭುಜ ಬಿಚ್ಚಿಕೊಂಡರೆ ಎಳೆತವೂ ಉದ್ದವಾಗುತ್ತದೆ.

"ಬಿಲ್ಲು ತಗೋ. ಒಂದೇ ಸಲ ಎಳೆದು ನಿಲ್ಲು, ಬಾಣ ಬಿಡ್ಬೇಡ," ಅಂದೆ.

ಅವಳು ಎಳೆದು ನಿಂತಳು. ಬಾಣದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿದೆ. ಇಳಿಸಿದಳು. ಟೇಪು ಹಿಡಿದೆ. ಮೂವತ್ತು ಅಂಗುಲ. ಮತ್ತೆ ಎಳೆಸಿದೆ. ಮೂವತ್ತೇ. ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಮೂವತ್ತು ಅಂಗುಲಕ್ಕೆ ಎಳೆದು ನೋಡಿದೆ. ಮುಳ್ಳು ಮೂವತ್ತೆರಡು ಪೌಂಡು ದಾಟಿತು. ವರದರಾಜನ್ ಸಾರ್ ಕೇಳಿದ್ದಕ್ಕಿಂತ ಹೆಚ್ಚಿನ ಭಾರವನ್ನು, ಅವರಿಂದ ಅವಳನ್ನು ಉಳಿಸಿದೆ ಅಂದುಕೊಂಡ ನಾನೇ ಅವಳ ಭುಜಕ್ಕೆ ಕಟ್ಟಿದ್ದೆ. ದಿನಕ್ಕೆ ನೂರು ಸಲ. ಬಾಣ ಬಲಕ್ಕೆ ಹೋಗುತ್ತಾ ಆರು ವಾರ ಅದನ್ನೇ ಹೇಳಿತ್ತು. ನಾನು ಬಾಣವನ್ನು ಬಿಟ್ಟು ರಿಜಿಸ್ಟರನ್ನು ನಂಬಿದ್ದೆ.

ರಿಜಿಸ್ಟರು ಹಿಡಿದುಕೊಂಡು ವರದರಾಜನ್ ಸಾರ್ ಕೋಣೆಗೆ ಹೋದೆ. ಹೇಳಿದೆ. ಅವರು ಏಲಕ್ಕಿ ಅಗಿಯುವುದನ್ನು ನಿಲ್ಲಿಸಿದರು.

"ಸಹಿ ನಿಮ್ದೇ ಅಲ್ಲವಾ ಅಮ್ಮಾ?"

"ನಂದೇ ಸಾರ್. ತಪ್ಪೂ ನಂದೇ. ಹಗುರ ಪಟ್ಟಿ ಹಾಕ್ಬಿಡ್ತೀನಿ."

"ಹಾಕಿ. ಹಾಕಿದ್ರೆ ಹೊಸ ಬಾಣ, ಹೊಸ ಗುರುತು, ಎಲ್ಲ ಮೊದಲಿಂದ. ಐವತ್ತು ಮೀಟರಿಗೆ ಗುರಿ ಕೂರೋಕೆ ಒಂಬತ್ತು ದಿನ ಸಾಕಾ? ನೀವೇ ಹೇಳಿ."

ಸಾಲದು. ಅದು ಇಬ್ಬರಿಗೂ ಗೊತ್ತಿತ್ತು.

"ತೋಳು ಸರಿಯಿಲ್ಲ ಅಂತ ಬರೆದು ಕೊಟ್ರೆ ಮುಂದಿನ ಸಲ ಅವಕಾಶ ಕೊಡ್ತಾರಾ ಸಾರ್?"

"ಮುಂದಿನ ಸಲಾನಾ?" ಅವರು ಕಿಟಕಿಯ ಕಡೆ ನೋಡಿದರು. "ಆ ಯಂತ್ರ ಬಂದು ಹೊರಗೆ ನಿಂತಿದೆ ಅಮ್ಮಾ. ಪೆಟ್ಟಿಗೆ ಬಿಚ್ಚೋದು ಬಾಕಿ." ಆಮೇಲೆ ನಿಧಾನವಾಗಿ ಅಂದರು: "ಕೆಲಸ ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಆ ಹುಡುಗಿನ ಕೇಳಿ."

ಕೆಟ್ಟ ಮನುಷ್ಯರಲ್ಲ ಅವರು. ಆಗ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ರೇಣುಕಾ ಬಾಣಗಳನ್ನು ಒರೆಸುತ್ತಾ ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಬೆರಳಿನದ್ದಲ್ಲ ತಪ್ಪು, ನಿನ್ನದಲ್ಲ, ನನ್ನದು ಅಂದೆ. ಅವಳು ಬೈಯಲಿ ಎಂದು ಕಾದೆ.

"ಅಯ್ಯೋ, ಹಾಗಾದ್ರೆ ನಾನು ಸರಿಯಾಗೇ ಬಿಡ್ತಿದ್ನಾ ಅಕ್ಕಾ?" ಅಂದಳು. ಮುಖದಲ್ಲಿ ನಿಜವಾದ ಸಂತೋಷ ಇತ್ತು.

"ಈ ಬಿಲ್ಲಲ್ಲಿ ಇನ್ನೂ ಒಂಬತ್ತು ದಿನ ಹೊಡೆದ್ರೆ ತೋಳು ಹೋಗುತ್ತೆ ಕಣೇ. ಮಾತು ಕೇಳು. ಬಿಟ್ಬಿಡು."

"ಬಿಟ್ರೆ ಕೆಲಸ ಹೋಗತ್ತೆ. ತೋಳು ಡಾಕ್ಟರ್ ನೋಡ್ತಾರೆ. ಕೆಲಸಾನ ಯಾವ ಡಾಕ್ಟರ್ ನೋಡ್ತಾರೆ?" ಬಾಣಗಳನ್ನು ಜೋಡಿಸಿಟ್ಟಳು. "ಖಾಯಂ ಆಗ್ಲಿ ಅಕ್ಕಾ. ಆಮೇಲೆ ನೀವು ಹೇಳಿದ ಬಿಲ್ಲು, ನೀವು ಹೇಳಿದಷ್ಟು ದಿನ ರೆಸ್ಟು. ಪ್ರಾಮಿಸ್."

ಬಿಲ್ಲುಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಬೀಗ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಎಷ್ಟೋ ಸಲ ಯೋಚಿಸಿದ್ದೇನೆ. ಹೋಗಲಿಲ್ಲ. ಪಟ್ಟಿಯನ್ನು ಹಿಡಿಗೆ ಕೂರಿಸುವ ಬೋಲ್ಟುಗಳನ್ನು ಮೇಲೆ ಕೆಳಗೆ ಸಮನಾಗಿ ಎಷ್ಟು ಸಡಿಲಿಸಬಹುದೋ ಅಷ್ಟು ಸಡಿಲಿಸಿದೆ. ಎರಡು ಪೌಂಡು ಇಳಿಯಿತು. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಪಟ್ಟಿ ಕಿತ್ತುಬರುತ್ತದೆ. ಬಟನಿನ ಸ್ಪ್ರಿಂಗು ಸ್ವಲ್ಪ ಬಿಟ್ಟೆ, ಇರುವುದರಲ್ಲಿ ಗಡಸಾದ ಬಾಣ ಹುಡುಕಿ ಎಂಟು ಜೊತೆಮಾಡಿದೆ. ದಿನಕ್ಕೆ ಮೂವತ್ತು ಬಾಣಕ್ಕಿಂತ ಹೆಚ್ಚು ಕೊಡಲಿಲ್ಲ. ಪ್ರತಿ ಸಂಜೆ ಕ್ಯಾಂಟೀನಿನಿಂದ ಬಿಸಿನೀರು ತರಿಸಿ ಟವೆಲ್ಲು ಅದ್ದಿ ಭುಜಕ್ಕೆ ಇಟ್ಟೆ. ಬಾಣ ಮೊದಲ ಸಲ ನಡುವಿಗೆ ಹೋಯಿತು. ಅವಳು ಕುಣಿದಳು. ನನಗೆ ಅದನ್ನು ನೋಡಲಾಗಲಿಲ್ಲ.

ಆಯ್ಕೆಯ ದಿನದ್ದು ಹೆಚ್ಚು ಹೇಳುವುದಿಲ್ಲ. ಮೇ ತಿಂಗಳ ಬಿಸಿಲು, ನೆರಳಿಗೆ ಒಂದು ಶಾಮಿಯಾನ, ಮಜ್ಜಿಗೆಯ ಡ್ರಮ್ಮು. ಐವತ್ತು ಮೀಟರಿನಲ್ಲಿ ಅವಳು ಎರಡನೆಯವಳು. ಮೂವತ್ತು ಮೀಟರಿನಲ್ಲಿ ಅರ್ಧಕ್ಕೆ ಬಂದಾಗ ಎಳೆದವಳು ಬಿಡಲಾಗದೆ ಇಳಿಸಿದಳು. ಮತ್ತೆ ಎಳೆದಳು, ಮತ್ತೆ ಇಳಿಸಿದಳು. ಹಾಗೆ ಇಳಿಸುವುದು ಬಿಡುವುದಕ್ಕಿಂತ ಹೆಚ್ಚು ದಣಿವು. ವರದರಾಜನ್ ಸಾರ್ ನನ್ನ ಪಕ್ಕದಲ್ಲಿ ನಿಂತು, "ಬಿಡಮ್ಮಾ, ಬಿಡು, ಬಿಡು," ಎಂದು ಅವಳಿಗೆ ಕೇಳದ ಹಾಗೆ ಹೇಳುತ್ತಿದ್ದರು. ಕೊನೆಯ ಮೂರು ಬಾಣವನ್ನು ಅವಳು ಹೇಗೆ ಎಳೆದಳೋ ಗೊತ್ತಿಲ್ಲ. ಎರಡು ನಡುವಿನ ಹಳದಿಗೆ, ಒಂದು ಹೊರಗಿನ ನೀಲಿಗೆ.

ನಾಲ್ಕನೆಯವಳು. ಐದನೆಯವಳಿಗಿಂತ ಒಂದೇ ಅಂಕ ಮುಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನೇರವಾಗಿ ನನ್ನ ಹತ್ತಿರ ಬಂದು ಬೆನ್ನು ತಿರುಗಿಸಿ ನಿಂತಳು. ಬೆನ್ನಿಗೆ ನಂಬರಿನ ಬಟ್ಟೆ ಚುಚ್ಚಿತ್ತು. "ಪಿನ್ ತೆಗೀರಿ ಅಕ್ಕಾ," ಅಂದಳು. ನಾಲ್ಕು ಪಿನ್ನು. ಒಂದೊಂದಾಗಿ ತೆಗೆದೆ.

ಯಂತ್ರ ಬಂತು. ಪ್ಯಾಕಿಂಗಿನಲ್ಲಿ ತಾತ್ಕಾಲಿಕದವರೆಲ್ಲ ಹೋದರು, ರೇಣುಕಾ ಉಳಿದಳು. ಮಾತಿಗೆ ತಪ್ಪದೆ ವಿಶ್ರಾಂತಿ ತೆಗೆದುಕೊಂಡಳು, ನಾನು ಹೇಳಿದ ಹಗುರ ಬಿಲ್ಲಿನಲ್ಲೇ ಮತ್ತೆ ಶುರು ಮಾಡಿದಳು. ಡಾಕ್ಟರು ನೋಡಿದರು, ಭುಜಕ್ಕೆ ಕರೆಂಟಿನ ಚಿಕಿತ್ಸೆ ಕೊಟ್ಟರು, ಮೂಳೆ ಕೂರಿಸುವ ನಾಟಿವೈದ್ಯರ ಹತ್ತಿರ ಪುತ್ತೂರಿನ ಕಟ್ಟೂ ಹಾಕಿಸಿಕೊಂಡು ಬಂದಳು. ಎರಡು ವರ್ಷ ಹೇಗೋ ಹೊಡೆದಳು. ಒಂದು ದಿನ ಬಿಲ್ಲನ್ನು ಬಿಚ್ಚಿ, ಒರೆಸಿ, ಪಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮೇಜಿನ ಮೇಲಿಟ್ಟು, "ಇದನ್ನ ಬೇರೆ ಯಾರಿಗಾದ್ರೂ ಕೊಡಿ ಅಕ್ಕಾ. ನಾನು ನಿಮ್ಮ ಹತ್ರ ಮೇಣ ಹಚ್ಚೋಕೆ ಬರ್ತೀನಿ," ಅಂದಳು. ವರದರಾಜನ್ ಸಾರ್ ನಿವೃತ್ತರಾಗುವ ಮುಂಚೆ ಮಾಡಿದ ಕೊನೆಯ ವರ್ಗಾವಣೆ ಅವಳದು.

ಒಂದೇ ಸಲ ಅವಳನ್ನು ಕೇಳಿದ್ದೇನೆ. ಹೆದೆ ಸುತ್ತುತ್ತಾ ಕೂತಿದ್ದಾಗ, "ನನ್ನ ಮೇಲೆ ಕೋಪ ಇದೆಯಾ?" ಅಂದೆ.

ಅವಳು ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು. "ಅವತ್ತು ಬೀಗ ಹಾಕ್ಕೊಂಡು ಹೋಗಿದ್ರೆ ನಿಮ್ಮನ್ನ ಕ್ಷಮಿಸ್ತಾ ಇರ್ಲಿಲ್ಲ."

"ಬಿಲ್ಲು ಕೊಟ್ಟಿದ್ದಕ್ಕೆ?"

"ಅದನ್ನ ಇನ್ನೂ ಯೋಚನೆ ಮಾಡ್ತಾ ಇದೀನಿ," ಎಂದು ನಕ್ಕಳು.

ಈಗ ಬಿಲ್ಲುಕೋಣೆಗೆ ಫ್ಯಾನು ಬಂದಿದೆ, ಸೂರಿನ ಕೆಳಗೆ ತಟ್ಟಿ ಹಾಕಿದ್ದಾರೆ. ಅಂಕಿ ತೋರಿಸುವ ಬ್ಯಾಟರಿ ತಕ್ಕಡಿ ಇದೆಯಂತೆ. ಹೆದೆಯ ನೂಲು ಹೊಸ ಥರದ್ದು, ಬಿಸಿಲಿಗೆ ಅಷ್ಟು ಹಿಗ್ಗುವುದಿಲ್ಲ. ಬಾಣ ಆರಿಸಲು ಕಂಪ್ಯೂಟರಿಗೆ ಅಳತೆ ಕೊಟ್ಟರೆ ಸಾಕು. ಆದರೆ ಕಂಪ್ಯೂಟರಿಗೆ ಕೊಡುವ ಅಳತೆಯನ್ನು ತೆಗೆಯುವವರು ನೀವೇ. ಅದಕ್ಕೆ ಇಷ್ಟನ್ನು ನೆನಪಿಡಿ. ಮೊದಲ ಬಿಲ್ಲನ್ನು, ಎಳೆದು ನಿಂತು ನಿಧಾನವಾಗಿ ಹತ್ತು ಎಣಿಸಿದರೂ ಉಸಿರು ಕೆಡದಷ್ಟು ಹಗುರ ಕೊಡಿ. ಅಚ್ಚಾದ ಪೌಂಡನ್ನು ನಂಬಬೇಡಿ; ಅವರು ಎಳೆಯುವಷ್ಟಕ್ಕೆ ಎಳೆದು ತೂಗಿ. ಬಿಲ್ಲು ಹಿಡಿದವರು ಬದಲಾಗುತ್ತಾರೆ, ಚೆನ್ನಾಗಿ ಕಲಿತರೆ ಇನ್ನೂ ಬೇಗ ಬದಲಾಗುತ್ತಾರೆ. ಬಾಣ ಒಂದೇ ಕಡೆಗೆ ಹೋಗುತ್ತಿದ್ದರೆ ಬೈಯುವ ಮುಂಚೆ ಮತ್ತೆ ಅಳೆಯಿರಿ. ಮೇಲಿನವರು ಒತ್ತಾಯ ಮಾಡಿದಾಗ ಚೌಕಾಸಿ ಮಾಡಬೇಡಿ, ಟೇಪು ತೋರಿಸಿ.

ರೇಣುಕಾ ತಂದ ರಿಜಿಸ್ಟರನ್ನು ಕನ್ನಡಕ ಹಾಕಿಕೊಂಡು ತಿರುವಿದೆ. ಪ್ರತಿಯೊಬ್ಬರ ಹೆಸರಿನ ಮುಂದೆಯೂ ಎಳೆತದ ಅಳತೆ, ಪ್ರತಿ ತಿಂಗಳ ಒಂದನೇ ತಾರೀಖಿನದು. ಎಲ್ಲ ಪೆನ್ಸಿಲ್ಲಿನಲ್ಲಿ. ಅಳಿಸಿ ಬರೆದು, ಅಳಿಸಿ ಬರೆದು ಕಾಗದ ಕೆಲವು ಕಡೆ ತೆಳ್ಳಗಾಗಿತ್ತು. "ಆಡಿಟ್‌ನವರು ಬೈತಾರೆ ಅಕ್ಕಾ, ಶಾಯಿಯಲ್ಲಿ ಬರೀಬೇಕಂತೆ," ಅಂದಳು. "ಬೈಲಿ ಬಿಡಿ ಅಂತ ಇದೀನಿ."

ಮಧ್ಯಾಹ್ನ ಅನ್ನ, ನುಗ್ಗೆಕಾಯಿ ಹುಳಿ, ಎಲೆಕೋಸಿನ ಪಲ್ಯ, ಡಬ್ಬಿಯ ತಳದಲ್ಲಿದ್ದ ಹಳೇ ಸಂಡಿಗೆ ಕರಿದದ್ದು, ಮೊಸರು, ಮಾವಿನಕಾಯಿ ಉಪ್ಪಿನಕಾಯಿ. ರೇಣುಕಾ ಹುಳಿಯನ್ನು ಎರಡು ಸಲ ಹಾಕಿಸಿಕೊಂಡಳು. ಯಜಮಾನರು ಮೊಸರನ್ನಕ್ಕೂ ಹುಳಿಯೇ ಬೇಕು ಅಂದರು. ಪಾತ್ರೆ ಬಳಿದು ಬರುವಷ್ಟರಲ್ಲಿ ನಡುಮನೆಯಲ್ಲಿ ಚಾಪೆ ಹಾಸಿಯಾಗಿತ್ತು. ನಮ್ಮ ಮನೆಯಲ್ಲಿ ಊಟವಾದ ಮೇಲೆ ಮೊದಲು ಗೊರಕೆ ಹೊಡೆಯುವವರು ಯಾವಾಗಲೂ ಯಜಮಾನರೇ. ಇವತ್ತು ಅವರು ಇನ್ನೂ ಪೇಪರಿನ ಕೊನೆಯ ಪುಟದಲ್ಲಿದ್ದರು. ಮೊದಲು ನಿದ್ದೆ ಹೋದವಳು ರೇಣುಕಾ. ಮೇಜಿನ ಫ್ಯಾನಿನ ಗಾಳಿ ಮುಖಕ್ಕೆ ಸಿಗಬೇಕಾದರೆ ಬಲಭುಜದ ಮೇಲೆ ಮಲಗಬೇಕಿತ್ತು. ಅವಳು ಎಡಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಫ್ಯಾನನ್ನು ಆ ಕಡೆಗೆ ಎತ್ತಿಟ್ಟೆ.